ಹಲ್ಲಿನ ಜೊತೆ ಹೋದ ಮಾತು

ಮೂರನೆಯ ಕಲ್ಲು ಬೂಟಿನೊಳಗೆ ಬಿದ್ದಾಗ ದೊರೆ "ಅಯ್ಯೋ" ಎಂದ. ನಿರ್ದೇಶಕ ಮಂಡಿಯೂರಿ ಕುಳಿತು, ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಶ್ರದ್ಧೆಯಿಂದ ಬೂಟಿನ ದಾರ ಬಿಗಿದ.

"ಈಗ ನಡೀರಿ ಸಾರ್. ನೋವಾಗ್ಲಿ. ಚೆನ್ನಾಗಿ ನೋವಾಗ್ಲಿ."

ದೊರೆ ನಡೆದ. ವೇದಿಕೆಯ ಎಡತುದಿಯಿಂದ ಕುಂಟುತ್ತ ಬಂದು ನ್ಯಾಯಾಧೀಶನ ಎತ್ತರದ ಕುರ್ಚಿಯ ಮುಂದೆ ನಿಂತ. ಎದೆ ಉಬ್ಬಿಸಿದ. ಬಾಯಿ ತೆರೆದ. ಪರದೆಯ ಪಕ್ಕದಲ್ಲಿ ಗುಂಪಾಗಿ ನಿಂತಿದ್ದ ಉಳಿದ ನಟರು ಉಸಿರು ಬಿಗಿಹಿಡಿದರು.

"ಸೈನಿಕರೇ!" ಎಂದು ಗರ್ಜಿಸಿದ. "ಈ ಕೋಟೆಯ ಗೋಡೆ ಕಲ್ಲಿನದಲ್ಲ, ನಿಮ್ಮ ಎಲುಬಿನದು!"

ಖಾಲಿ ಸಭಾಂಗಣದ ಕೊನೆಯ ಸಾಲಿನಿಂದ ಒಂದು ನಗು ಸಿಡಿಯಿತು. ನಕ್ಕವಳು ಗೂಡಕ್ಕ.

"ಅದು ಹನ್ನೊಂದು ವರ್ಷದ ಹಿಂದಿನ ನಾಟಕ ಕಣ್ರಪ್ಪ! ಸೇನಾಪತಿ ಪಾರ್ಟು. ಆವಾಗ ಇವನಿಗೆ ಎರಡು ಸೈಜು ಚಿಕ್ಕ ಬೂಟು ಕೊಟ್ಟಿದ್ರು. ಕಾಲು ಕಚ್ಚಿದ್ರೆ ಸೇನಾಪತಿ ಬರ್ತಾನೆ. ನ್ಯಾಯಾಧೀಶ ಎಲ್ಲಿಂದ ಬರ್ಬೇಕು?"

ನಿರ್ದೇಶಕ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಅವಮಾನವಾಗುವ ಬದಲು ಅವನ ಮುಖ ಬೆಳಗಿತು. "ನೋಡಿದ್ರಾ? ನೋಡಿದ್ರಾ? ಅಂದ್ರೆ ನನ್ನ ದಾರಿ ಸರಿ ಇದೆ. ನೋವು ಮಾತ್ರ ತಪ್ಪು."

ಗೂಡಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ವೇದಿಕೆಯ ಮುಂಭಾಗದಲ್ಲಿ, ನಟ್ಟನಡುವೆ, ಒಬ್ಬರು ಕೂರುವಷ್ಟು ಒಂದು ಗುಂಡಿ ಇತ್ತು. ಅದರ ಮೇಲೊಂದು ತಗಡಿನ ಗೂಡು. ಪ್ರೇಕ್ಷಕರಿಗೆ ಗೂಡಿನ ಬೆನ್ನು ಕಾಣುತ್ತಿತ್ತು, ನಟರಿಗೆ ಬಾಯಿ. ಹತ್ತೊಂಬತ್ತು ವರ್ಷ ಅವಳು ಆ ಬಾಯಿಯೊಳಗಿನ ನಾಲಿಗೆಯಾಗಿದ್ದಳು. ನಟರು ಮಾತು ಮರೆತರೆ ಮೊದಲ ಎರಡು ಪದ ಪಿಸುಗುಟ್ಟುವುದು ಅವಳ ಕೆಲಸ. ಮರೆತ ಮೇಲೆ ಪಿಸುಗುಟ್ಟುವುದನ್ನು ಯಾರು ಬೇಕಾದರೂ ಮಾಡಿಯಾರು. ಗೂಡಕ್ಕ ಮರೆಯುವುದಕ್ಕೆ ಅರ್ಧ ಉಸಿರು ಮುಂಚೆ ಪಿಸುಗುಟ್ಟುತ್ತಿದ್ದಳು, ನಟನಿಗೆ ತಾನು ಮರೆಯಲಿದ್ದೆ ಎಂಬುದೇ ತಿಳಿಯುತ್ತಿರಲಿಲ್ಲ. ಅವಳು ಕುಳಿತಲ್ಲಿಂದ ಕಾಣುತ್ತಿದ್ದದ್ದು ಹೆಚ್ಚಾಗಿ ಬೂಟು, ಚಪ್ಪಲಿ, ಸೀರೆಯ ಅಂಚು. ಯಾವ ಹಿಮ್ಮಡಿ ಯಾವಾಗ ಏಳುತ್ತದೆ, ಯಾವ ಹೆಬ್ಬೆರಳು ಯಾವಾಗ ಹೆದರಿ ಮಡಚಿಕೊಳ್ಳುತ್ತದೆ ಎಂದು ನೋಡಿ ನೋಡಿಯೇ ಅವಳಿಗೆ ಇಪ್ಪತ್ತೆರಡು ನಾಟಕ ಬಾಯಿಪಾಠವಾಗಿದ್ದವು. ತೊಡೆಯ ಮೇಲೆ ಹಸ್ತಪ್ರತಿ ಇರುತ್ತಿತ್ತು, ನಿಜ. ಹತ್ತನೆಯ ತಾಲೀಮಿನ ನಂತರ ಅದನ್ನು ಅವಳು ಬೀಸಣಿಗೆ ಮಾಡಿಕೊಳ್ಳುತ್ತಿದ್ದಳು.

ನಟರ ಬಗ್ಗೆ ಅವಳಿಗೆ ಒಂದೇ ಅಭಿಪ್ರಾಯ: ತಲೆಯಿದ್ದರೆ ಈ ಕೆಲಸಕ್ಕೆ ಯಾಕೆ ಬರುತ್ತಿದ್ದರು. ಅದರಲ್ಲೂ ಇಪ್ಪತ್ತು ವರ್ಷದಿಂದ ರಾಜ, ಸೇನಾಪತಿ, ಸಾಹುಕಾರನ ಪಾತ್ರವನ್ನೇ ಮಾಡಿ ಊರೆಲ್ಲರ ಬಾಯಲ್ಲಿ ದೊರೆಯಾಗಿರುವ ಈ ಮಹಾನುಭಾವ ಅವಳ ಸ್ವಂತ ಮೈದುನ. ಒಂದೇ ಮನೆ, ಒಂದೇ ಅಡುಗೆಮನೆ. ಅಂಗಡಿಗೆ ಕಳಿಸಿದರೆ ಮೂರು ಸಾಮಾನಿನಲ್ಲಿ ಎರಡು ಮರೆತು ಬರುವವನು, ಬೇರೊಬ್ಬನ ಛತ್ರಿ ತರುವವನು. ವೇದಿಕೆಯ ಮೇಲೆ ಮಾತ್ರ ಎರಡು ಗಂಟೆ ನೀರು ಹರಿದಂತೆ ಮಾತಾಡುತ್ತಿದ್ದ. ನೀರು ಎಲ್ಲಿಂದ ಬರುತ್ತಿದೆ ಎಂದು ಚಪ್ಪಾಳೆ ತಟ್ಟುವವರು ಯಾರೂ ಕೇಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಆಮೇಲೆ ಈ ನಿರ್ದೇಶಕ ಬಂದ. ಮೂವತ್ತೂ ತುಂಬಿಲ್ಲ, ಬೇಸಿಗೆಯಲ್ಲೂ ಕುತ್ತಿಗೆಗೊಂದು ಮಫ್ಲರ್. ಬಂದವನೇ ಗೂಡನ್ನು ಸತ್ತ ಪ್ರಾಣಿಯನ್ನು ನೋಡಿದ ಹಾಗೆ ನೋಡಿದ. "ಇದು ಮ್ಯೂಸಿಯಂನಲ್ಲಿ ಇರಬೇಕಾದದ್ದು ಅಕ್ಕ," ಎಂದು ನಯವಾಗಿ ಹೇಳಿದ. "ನನ್ನ ಸೆಟ್ಟಿಗೆ ನೆಲ ಕನ್ನಡಿ ಥರ ಸಪಾಟಾಗಿರಬೇಕು." ಅವಳು ನಕ್ಕಿದ್ದಳು. ತಾನಿಲ್ಲದೆ ದೊರೆ ಮೊದಲ ಅಂಕ ದಾಟಲಿ, ಆಮೇಲೆ ಕನ್ನಡಿ ನೋಡಿಕೊಳ್ಳೋಣ.

ದೊರೆ ದಾಟಿಬಿಟ್ಟ! ಅದೇ ಅವಳ ಗ್ರಹಚಾರ. ತಾಲೀಮು ಶುರುವಾದ ವಾರವೇ ಅವನ ಬಲಗಡೆಯ ದವಡೆ ಹಲ್ಲು ನೋಯಲು ಹಿಡಿದಿತ್ತು. ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ವೇದಿಕೆಯ ಮೇಲೆ ಕತ್ತಿ ಹಿಡಿದು ಹತ್ತು ಜನರನ್ನು ಓಡಿಸುವ ಗಂಡಸು, ಇಕ್ಕಳ ಅಂದರೆ ಮಂಚದ ಕೆಳಗೆ ನುಗ್ಗುವವನು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಹಲ್ಲಿಗೆ ಒತ್ತಿಕೊಂಡು, ಅಡುಗೆಮನೆಯ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಬೆಳಗೂ ಸಂಜೆಯೂ ಅಲೆದ. ನೋವು ಮರೆಯಲು ನ್ಯಾಯಾಧೀಶನ ಮಾತುಗಳನ್ನು ಹಲ್ಲು ಕಚ್ಚಿ ಹೇಳಿಕೊಂಡ. ಹೀಗೆ ಹುಟ್ಟಿದ ಮೇಲೆ ಮೊದಲ ಬಾರಿಗೆ ಆ ಪ್ರಾಣಿ ಒಂದು ಪಾತ್ರವನ್ನು ತಾನೇ ಕಲಿತಿತು. ತಾಲೀಮಿನಲ್ಲಿ ಗೂಡಕ್ಕ ಬಾಯಿ ತೆರೆಯುವ ಮೊದಲೇ ಅವನು ಮಾತು ಮುಗಿಸುತ್ತಿದ್ದ. ನಾಲ್ಕು ವಾರ ಅದನ್ನು ನೋಡಿದ ನಿರ್ದೇಶಕ, "ಇನ್ನು ಯಾಕೆ?" ಎಂದು ಗೂಡು ಕೀಳಿಸಿ ಗುಂಡಿಯ ಮೇಲೆ ಪ್ಲೈವುಡ್ ಹೊಡೆಸಿದ. ಹೊಡೆದವನು ಕಂಪನಿಯ ಬಡಗಿ. ಬಡಗಿ ಅಂದರೆ ದೊರೆಯ ಅಣ್ಣ, ಗೂಡಕ್ಕನ ಗಂಡ. ಹದಿನೆಂಟು ಸ್ಕ್ರೂ. ಒಂದೊಂದನ್ನೂ ಅವನು ತಿರುಗಿಸುವಾಗ ಅವಳು ಮೊದಲ ಸಾಲಿನ ಮುಂದೆ ನಿಂತು ಎಣಿಸಿದ್ದಳು. ಅವತ್ತಿನಿಂದ ಹತ್ತು ದಿನ, ಅವಳು ಅವನೊಡನೆ ಒಂದು ಮಾತೂ ಆಡಿರಲಿಲ್ಲ.

ಅವಳನ್ನು ಟಿಕೆಟ್ ಕಿಟಕಿಗೆ ಕಳಿಸಿದ್ದರು. ಫ್ಯಾನ್ ಇತ್ತು, ಮೆತ್ತನೆ ಕುರ್ಚಿ ಇತ್ತು. "ಅಕ್ಕನಿಗೆ ಪ್ರಮೋಷನ್!" ಎಂದು ಮೇಕಪ್ಪಿನವನು ಕಿಟಕಿಯ ಮುಂದೆ ಹಾದುಹೋಗುವಾಗಲೆಲ್ಲ ಕೂಗುತ್ತಿದ್ದ.

ಆಮೇಲೆ ಪೋಸ್ಟರಿಗೆ ಫೋಟೋ ತೆಗೆಯಬೇಕಾಗಿ ಬಂತು. ದೊರೆಯ ಬಲಗೆನ್ನೆ ಕುಂಬಳಕಾಯಿಯಾಗಿತ್ತು. ಇಂಥ ನ್ಯಾಯಾಧೀಶನನ್ನು ಯಾರು ನಂಬುತ್ತಾರೆ ಎಂದು ನಿರ್ದೇಶಕನೇ ಕೈಹಿಡಿದು, ಬೆನ್ನು ಸವರಿ, ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಹಲ್ಲು ಕಿತ್ತು ಬಂತು, ಊತ ಇಳಿಯಿತು, ಫೋಟೋ ಚೆನ್ನಾಗಿ ಬಂತು. ಮರುದಿನ ತಾಲೀಮಿಗೆ ನಿಂತರೆ ನ್ಯಾಯಾಧೀಶನ ಬಾಯಲ್ಲಿ ಒಂದು ಪದವಿಲ್ಲ. ಹಸ್ತಪ್ರತಿ ಕೈಗೆ ಕೊಟ್ಟರೆ ಯಾರೋ ಅಪರಿಚಿತರ ಪತ್ರ ಓದಿದ ಹಾಗೆ ಓದಿದ. ಕೆಳಗಿಟ್ಟರೆ ಮತ್ತೆ ಬರಿದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಇವನ ಹಲ್ಲಿನ ಜೊತೆ ಕಡಲೆಯೂ ಹೋಗಿತ್ತು.

ಮೊದಲ ಪ್ರದರ್ಶನ ನಾಳೆ ಸಂಜೆ ನಾಲ್ಕಕ್ಕೆ. ಟಿಕೆಟ್ ಎಲ್ಲ ಖರ್ಚಾಗಿತ್ತು. ಹಾಗಾಗಿ ಗೂಡಕ್ಕ ಇವತ್ತು ಬೆಳಿಗ್ಗೆ ಕಿಟಕಿಗೆ ಬೀಗ ಹಾಕಿ, ಕೊನೆಯ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ. ಈ ಮೂರ್ಖರು ಮಾಡಬಹುದಾದ ಕಪಿಚೇಷ್ಟೆಯನ್ನೆಲ್ಲ ಮಾಡಿ ಮುಗಿಸಲಿ. ಕೊನೆಗೆ ಬಂದು ಆ ಹದಿನೆಂಟು ಸ್ಕ್ರೂ ಬಿಚ್ಚಲಿ. ತನ್ನ ಗೂಡು ತನಗೆ ಬರಲಿ.

"ಒಂದು ಪ್ರಯೋಗವೇ ಇದೆ ಅಕ್ಕ," ನಿರ್ದೇಶಕ ವೇದಿಕೆಯ ಅಂಚಿಗೆ ಬಂದು ಅವಳಿಗೆ ಕೇಳುವಂತೆ ಹೇಳಿದ. "ನೀರಿನಡಿ ಕೂತು ಕಲಿತ ಪದಗಳು ನೀರಿನಡಿಯಲ್ಲೇ ಚೆನ್ನಾಗಿ ನೆನಪಾಗ್ತವಂತೆ. ದಡಕ್ಕೆ ಬಂದ್ರೆ ಅರ್ಧ ಮರ್ತೋಗುತ್ತಂತೆ. ಕಲಿಯುವಾಗ ಮೈ ಮನಸ್ಸು ಹೇಗಿತ್ತೋ, ಜಾಗ ಹೇಗಿತ್ತೋ, ಹಾಗೇ ಇದ್ರೆ ನೆನಪಿನ ಬಾಗಿಲು ತೆರ್ಕೊಳ್ಳುತ್ತೆ."

"ಹಾಗಾದ್ರೆ ಮೀನಿಗೆ ಪಾರ್ಟು ಕೊಡಿ. ನಮ್ಮ ಮೈದುನನಿಗಿಂತ ಚೆನ್ನಾಗಿ ಮಾಡುತ್ತೆ, ಸಂಭಾವನೆನೂ ಕೇಳಲ್ಲ."

"ಅತ್ತಿಗೆ, ನನ್ನ ಹೊಟ್ಟೆ ಉರಿಸಬೇಡಿ," ದೊರೆ ಬೂಟು ಬಿಚ್ಚಿ ಕಲ್ಲು ಉದುರಿಸುತ್ತ ಗೋಗರೆದ. "ಹೀಗಾಗೋದು ನನ್ನೊಬ್ಬನಿಗೇನಾ?"

"ನಿನ್ನೊಬ್ಬನಿಗೇ ಕಣೋ. ಉಳಿದೋರಿಗೆಲ್ಲ ತಲೆ ಭುಜದ ಮೇಲಿರುತ್ತೆ. ನಿನಗೆ ದವಡೆಯಲ್ಲಿತ್ತು. ಕೀಳಿಸ್ಕೊಂಡು ಬಂದೆ."

ಅವಳಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ನೆನಪು ಅಂದರೆ ಶಿಸ್ತು. ಇರುವವರಿಗೆ ಎಲ್ಲಿ ನಿಲ್ಲಿಸಿದರೂ ಇರುತ್ತದೆ, ಇಲ್ಲದವರು ಬೂಟಿನಲ್ಲಿ ಹುಡುಕುತ್ತಾರೆ. ಕಳೆದ ವಾರ ಯಾರೋ ವಯಸ್ಸಾದ ಮನುಷ್ಯ ಟಿಕೆಟ್ ಕಿಟಕಿಗೆ ಬಗ್ಗಿ, "ಆ ಹಳೇ ನಾಟಕದಲ್ಲಿ ಕುರುಡಿ ಕೊನೇಲಿ ಒಂದು ಮಾತು ಹೇಳ್ತಾಳಲ್ಲ, ಏನಮ್ಮ ಅದು?" ಎಂದು ಕೇಳಿದಾಗ ಅವಳಿಗೆ ತಟ್ಟನೆ ಹೊಳೆದಿರಲಿಲ್ಲ. ಅದು ಬೇರೆ ವಿಷಯ. ಹಿಂದೆ ಸರತಿ ಸಾಲು ಇತ್ತು, ಫ್ಯಾನ್ ಕಿರುಗುಟ್ಟುತ್ತಿತ್ತು, ಆ ಮುದುಕನ ಮುಖವೇ ಸರಿಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲವಂಗದ ಎಣ್ಣೆ ಬಂತು. ನಿರ್ದೇಶಕ ಹತ್ತಿಯನ್ನು ಅದ್ದಿ, ಹಲ್ಲಿದ್ದ ಜಾಗದ ಪಕ್ಕದಲ್ಲಿ ಇಟ್ಟ. ಕೆನ್ನೆಗೆ ಬಟ್ಟೆ ಕಟ್ಟಿದ್ದಾಯಿತು. ಕುರ್ಚಿಗಳನ್ನು ಎಳೆದು ಒಲೆಯಿಂದ ಬಾಗಿಲಿಗೆ ಇರುವಷ್ಟೇ ಜಾಗ ಮಾಡಿದರು. ಎಷ್ಟು ಹೆಜ್ಜೆ ಎಂದು ಗೂಡಕ್ಕನನ್ನೇ ಕೇಳಿದರು.

"ಆರು. ಬಾಗಿಲ ಹತ್ರ ತಲೆ ಬಗ್ಗಿಸ್ಬೇಕು. ಬಗ್ಗಿಸದೆ ಎಷ್ಟು ಸಲ ಹೊಡ್ಕೊಂಡಿದಾನೆ ಅಂತ ನಮ್ಮನೆ ಬಾಗಿಲನ್ನ ಕೇಳಿ."

ದೊರೆ ಆರು ಹೆಜ್ಜೆ ಹಾಕಿದ, ತಲೆ ಬಗ್ಗಿಸಿದ, ತಿರುಗಿದ. ಮೂರನೆಯ ಸುತ್ತಿಗೆ ಅವನ ಮೂಗು ಅರಳಿತು. ಲವಂಗದ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನಾಲ್ಕನೆಯ ಸುತ್ತಿನಲ್ಲಿ, ಗೊಣಗುವ ಹಾಗೆ, "ಬಾಗಿಲು ಹಾಕಿ. ಹೊರಗಿನ ಗದ್ದಲ ಒಳಗೆ ಬಂದ್ರೆ ಸಾಕ್ಷಿ ಹೇಳುವವನು ಅದಕ್ಕೇ ಉತ್ತರ ಕೊಡ್ತಾನೆ," ಎಂದ. ಅದು ಮೊದಲ ಅಂಕದ ಮೊದಲ ಮಾತು. ನಟರು ಹೋ ಎಂದು ಕೂಗಿದರು. ನಿರ್ದೇಶಕ ಎರಡೂ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ. ಮಾತು ಬರುತ್ತಲೇ ಇತ್ತು, ಮಣಿ ಪೋಣಿಸಿದಂತೆ. ಮೊದಲ ಅಂಕ ಮುಗಿಯಿತು. ಎರಡನೆಯದೂ ಅಲ್ಲಲ್ಲಿ ಎಡವಿ ಮುಗಿಯಿತು.

ಕೊನೆಯ ಸಾಲಿನಲ್ಲಿ ಗೂಡಕ್ಕ ಕಾಲು ಮಡಿಚಿ ನೆಟ್ಟಗೆ ಕುಳಿತಳು. ಲವಂಗದ ಎಣ್ಣೆಯ ಸೀಸೆಯೊಂದು ಹತ್ತೊಂಬತ್ತು ವರ್ಷದ ತನ್ನ ಚಾಕರಿಯನ್ನು ತಿಂದುಬಿಡುತ್ತದೆಯೇ?

ಮೂರನೆಯ ಅಂಕದಲ್ಲಿ ನ್ಯಾಯಾಧೀಶ ತನ್ನ ಒಡಹುಟ್ಟಿದವನಿಗೇ ಶಿಕ್ಷೆ ಕೊಡಬೇಕು. ಎರಡು ಪುಟದ ಒಂದೇ ಮಾತು. ಇಡೀ ನಾಟಕ ನಿಂತಿರುವುದು ಅದರ ಮೇಲೆ. ದೊರೆ ಆರು ಹೆಜ್ಜೆ ನಡೆದ, ಬಗ್ಗಿದ, ತಿರುಗಿದ. ಮತ್ತೆ ಆರು. ಮತ್ತೆ ಎಣ್ಣೆ ಹಾಕಿಸಿಕೊಂಡ. ಏನೂ ಇಲ್ಲ.

"ಅದನ್ನ ಕಲಿತದ್ದು ನಾಲ್ಕನೇ ವಾರ," ಅವನು ಕುಸಿದು ಕುಳಿತು ಹೇಳಿದ. "ಆಗ ಲವಂಗ ಗಿವಂಗ ಏನೂ ನಾಟ್ತಿರಲಿಲ್ಲ. ಬರೀ ನೋವು. ತಲೆಬುರುಡೆ ಒಳಗೆ ಯಾರೋ ಮೊಳೆ ಹೊಡೀತಿದ್ದ ಹಾಗೆ. ಆ ನೋವು ಎಲ್ಲಿಂದ ತರ್ಲಿ ಹೇಳಿ?"

"ಇನ್ನೂ ಹಲ್ಲಿವೆಯಲ್ಲೋ ಬಾಯಲ್ಲಿ," ಗೂಡಕ್ಕನಿಗೆ ಮತ್ತೆ ಜೀವ ಬಂದಿತ್ತು. "ಅಂಕಕ್ಕೊಂದು ಕೀಳಿಸ್ಕೊಂಡ್ರೆ ಇನ್ನು ಹತ್ತು ನಾಟಕಕ್ಕೆ ಯೋಚ್ನೆ ಇಲ್ಲ."

ನಗಬಾರದೆಂದು ತುಟಿ ಕಚ್ಚಿಕೊಂಡಿದ್ದವರೆಲ್ಲ ನಕ್ಕುಬಿಟ್ಟರು. ದೊರೆ ಕೆನ್ನೆಯ ಬಟ್ಟೆ ಕಿತ್ತು ಎಸೆದ. "ಅಷ್ಟು ಹೇಳ್ತೀರಲ್ಲ ಅತ್ತಿಗೆ, ನಿಮಗೆ ಬರುತ್ತಾ? ಇಲ್ಲಿ ಬಂದು ಹೇಳಿ ನೋಡೋಣ!"

"ನಿದ್ದೆಯಲ್ಲಿ ಹೇಳ್ತೀನಿ."

"ನಿದ್ದೇಲಿ ಬೇಡ. ಇಲ್ಲಿ ನಿಂತು ಹೇಳಿ."

ನಿರ್ದೇಶಕನಿಗೂ ಇದು ಹಿಡಿಸಿತು. "ಹೌದಕ್ಕ. ನೀವು ಇಲ್ಲಿ ನಿಂತು ಭಾವ ಸಮೇತ ಹೇಳಿಬಿಡಿ. ಪುಸ್ತಕದಿಂದ ಓದಿದ್ರೆ ಅವರಿಗೆ ಹತ್ತುತ್ತಿಲ್ಲ. ಮನುಷ್ಯರ ಬಾಯಿಂದ ಕೇಳಿದ್ರೆ ಏನಾದ್ರೂ ಮಿಂಚಬಹುದು."

ಅವಳು ಎದ್ದಳು. ಸಾಲುಗಳ ನಡುವೆ ನಿಧಾನವಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಬಂದಳು. ಪಕ್ಕದ ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ಕಾಲಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಆ ಹಲಗೆಗಳ ಮೇಲೆ ಅವಳ ಪಾದ ಬಿದ್ದದ್ದು ಇದೇ ಮೊದಲು. ನಿರ್ದೇಶಕ ಹಸ್ತಪ್ರತಿ ಚಾಚಿದ. ಅವಳು ಅದರ ಕಡೆ ನೋಡಲೂ ಇಲ್ಲ. "ಅದನ್ನ ನಿಮ್ಮ ನಟರಿಗೆ ಕೊಡಿ. ದಿಂಬಿಗೆ ಬೇಕಾಗುತ್ತೆ."

ನ್ಯಾಯಾಧೀಶನ ಕುರ್ಚಿಯ ಮುಂದೆ ನಿಂತಳು. ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು. ಎದುರಿಗೆ ಕತ್ತಲು, ಅದರಲ್ಲಿ ಕುರ್ಚಿಗಳ ಸಾಲು ಸಾಲು ಬೆನ್ನು. ಪಕ್ಕದಲ್ಲಿ ಮುಖಗಳು, ಮೂಗು, ಕಣ್ಣು, ಮೀಸೆ. ಈ ಜನಕ್ಕೆ ಇಷ್ಟು ದೊಡ್ಡ ಮುಖಗಳಿವೆ ಎಂದು ಅವಳು ಯಾವತ್ತೂ ಗಮನಿಸಿರಲಿಲ್ಲ. ದೊರೆ ಕೈಕಟ್ಟಿ ಅವಳನ್ನೇ ನೋಡುತ್ತಿದ್ದ. ಅವಳು ಗಂಟಲು ಸರಿಮಾಡಿಕೊಂಡಳು.

"ಈ..." ಎಂದಳು.

ಈ ಎಂದೇ ಶುರುವಾಗುತ್ತಿತ್ತು, ಅದು ಖಚಿತ. ಈ ಏನು? ಈ ಕುರ್ಚಿ? ಈ ಕೈ? ಅವಳು ಕೈಯ ಕಡೆ ನೋಡಿದಳು. ಕೈ ತನ್ನದೆನಿಸಲಿಲ್ಲ. ಮಾತು ಇಲ್ಲೇ ಎಲ್ಲೋ ಇತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಆದರೆ ಪದ ತಿಳಿಯುತ್ತಿಲ್ಲ ಎಂಬ ಹಾಗೆ. ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಮೇಲೂ ದೀಪ ಕೆಂಪಗೆ ಉರಿಯಿತು.

"ಈ..."

ಮೇಕಪ್ಪಿನವನು ಕೆಮ್ಮಿದ.

"ಈ ದೀಪ ಸ್ವಲ್ಪ ಆ ಕಡೆ ತಿರುಗಿಸಿ," ಎಂದಳು. ತಿರುಗಿಸಿದರು. "ನೆಲ ಯಾಕೆ ಹೀಗೆ ಜಾರುತ್ತೆ? ಏನು ಬಳ್ದಿದೀರಿ ಇದಕ್ಕೆ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ದೊರೆ ತೊಡೆ ತಟ್ಟಿಕೊಂಡು ನಕ್ಕ. ಆ ನಗೆಯಲ್ಲಿ ಹಗೆಯಿರಲಿಲ್ಲ. ಎರಡು ದಿನದಿಂದ ಒಬ್ಬನೇ ಮುಳುಗುತ್ತಿದ್ದವನಿಗೆ ಜೊತೆ ಸಿಕ್ಕ ಖುಷಿ ಅದು. ಅದಕ್ಕೇ ಅದು ಅವಳಿಗೆ ಹೆಚ್ಚು ಇರಿಯಿತು. "ಅತ್ತಿಗೆ, ನಿಮಗೆ ಯಾವ ಹಲ್ಲು ಕೀಳಿಸಿದ್ರು?"

ಎಲ್ಲರೂ ನಕ್ಕರು. ನಿರ್ದೇಶಕ ಮಾತ್ರ ನಗಲಿಲ್ಲ. ತಲೆ ಓರೆ ಮಾಡಿ, ಬಾಟಲಿಯಲ್ಲಿಟ್ಟ ಹುಳುವನ್ನು ನೋಡುವವನ ಆಸಕ್ತಿಯಿಂದ ನೋಡುತ್ತಿದ್ದ. ಅವಳಿಗೆ ನಗುವವರೇ ವಾಸಿ ಅನ್ನಿಸಿತು. ಅವಳು ಮೆಟ್ಟಿಲಿಳಿದು, ಸಭಾಂಗಣಕ್ಕೂ ಹೋಗದೆ, ಟಿಕೆಟ್ ಕಿಟಕಿಗೂ ಹೋಗದೆ, ಮೂಲೆಯ ಸಣ್ಣ ಬಾಗಿಲು ತಳ್ಳಿ ವೇದಿಕೆಯ ಕೆಳಗೆ ನುಗ್ಗಿದಳು.

ಅಲ್ಲಿ ಅವಳ ಗಂಡನ ಕೆಲಸದ ಜಾಗ. ಮರದ ಹೊಟ್ಟು, ಅಂಟಿನ ವಾಸನೆ, ಒಂದೇ ಬಲ್ಬು. ಬಡಗಿ ಕಾಲಿಲ್ಲದ ಸ್ಟೂಲೊಂದನ್ನು ತಲೆಕೆಳಗು ಮಾಡಿ ಕುಳಿತಿದ್ದ.

"ಏನಾಯ್ತೇ?" ಎಂದ.

ಅವಳು ತೊಲೆಗಳ ಕೆಳಗೆ ತಲೆ ಬಗ್ಗಿಸಿ ಮುಂದಕ್ಕೆ ನಡೆದಳು.

"ನಿನ್ನ ಕುರ್ಚಿ ಹಾಗೇ ಇದೆ," ಅವನು ಹಿಂದಿನಿಂದ ಹೇಳಿದ. "ತೆಗಿ ಅಂದ್ರು. ನಾನು ತೆಗೀಲಿಲ್ಲ."

"ದೊಡ್ಡ ಉಪಕಾರ ಮಾಡಿದ್ರಿ. ತಲೆ ಮೇಲೆ ಮುಚ್ಚಳ ಹೊಡ್ದು ಕುರ್ಚಿ ಉಳಿಸಿದ್ರಂತೆ." ಹತ್ತು ದಿನದ ಮೌನ ಹೀಗೆ ಮುರಿದದ್ದು ಅವಳಿಗೇ ಗೊತ್ತಾಗಲಿಲ್ಲ.

ಕುರ್ಚಿಗೆ ಬೆನ್ನಿರಲಿಲ್ಲ, ಯಾವತ್ತೋ ಮುರಿದದ್ದು. ಅವಳು ಕುಳಿತಳು. ಕಾಲು ತಾನಾಗಿ ನೀರಿನ ಕೊಳವೆಯ ಮೇಲೆ ಹೋಗಿ ನಿಂತಿತು. ಅದರ ತಂಪು ಅಂಗಾಲಿಗೆ ತಾಗಿತು. ತಲೆಯ ಮೇಲೆ ಗೇಣುದೂರದಲ್ಲಿ ಪ್ಲೈವುಡ್. ಕತ್ತಲೆ. ಬಾಯಿಗೆ ಧೂಳಿನ ರುಚಿ. ಅವಳಿಗೆ ಯಾರ ಮೇಲೆ ಹೆಚ್ಚು ಅಸಹ್ಯ ಎಂದು ನಿರ್ಧರಿಸಲಾಗಲಿಲ್ಲ. ದೊರೆಯ ಮೇಲೋ, ಮಫ್ಲರಿನವನ ಮೇಲೋ, ಅಥವಾ ಈ ಎನ್ನುವ ಒಂದು ಅಕ್ಷರ ಹಿಡಿದು ನಿಂತ ಆ ದಡ್ಡ ಹೆಂಗಸಿನ ಮೇಲೋ. ಇಷ್ಟು ವರ್ಷ ಮೇಲಿನವರನ್ನು ಖಾಲಿ ಡಬ್ಬಗಳೆಂದು ಹಂಗಿಸಿದ್ದಳು. ತಾನು ಡಬ್ಬವೂ ಅಲ್ಲ, ಮುಚ್ಚಳ.

ಮೇಲೆ ಹಲಗೆಯ ಮೇಲೆ ಬೂಟುಗಳು ಬಂದವು. ದೊರೆಯ ಬೂಟು, ಎಡ ಹಿಮ್ಮಡಿ ಎಳೆದುಕೊಂಡು ನಡೆಯುವ ಆ ಸೋಮಾರಿ ಸದ್ದು ಅವಳಿಗೆ ಗೊತ್ತಿಲ್ಲವೇ. ಬೂಟು ನ್ಯಾಯಾಧೀಶನ ಕುರ್ಚಿಯ ಮುಂದೆ ನಿಂತಿತು. ಎಡಗಾಲು ಸ್ವಲ್ಪ ಮುಂದೆ ಬಂತು. ಹೆದರಿದಾಗ ಅವನ ಹೆಬ್ಬೆರಳು ಮಡಚಿಕೊಂಡು ಬೂಟಿನ ಮೂತಿ ಕಿರ್ ಎನ್ನುತ್ತದೆ. ಕಿರ್ ಎಂದಿತು. ಅದಕ್ಕೆ ಅರ್ಧ ಉಸಿರು ಮುಂಚೆ ಅವಳ ಬಾಯಿ ತೆರೆದುಕೊಂಡಿತ್ತು.

"ಈ ಬಾಗಿಲಿನೊಳಗೆ ಬರುವಾಗ..."

ಮೇಲೆ ಬೂಟು ಅಲುಗಾಡದೆ ನಿಂತಿತು.

"ಈ ಬಾಗಿಲಿನೊಳಗೆ ಬರುವಾಗ," ದೊರೆಯ ಗಂಟಲು ಹೇಳಿತು, "ನನ್ನ ಕೋಟು ಹೊರಗೆ ಬಿಟ್ಟು ಬರ್ತೀನಿ."

"ಅದರ ಜೇಬಿನಲ್ಲಿ..."

"ಅದರ ಜೇಬಿನಲ್ಲಿ ನನ್ನ ಮನೆಯ ಬೀಗದ ಕೈ ಇದೆ. ನನ್ನ ತಾಯಿಯ ಫೋಟೋ ಇದೆ. ಆ ಫೋಟೋದಲ್ಲಿ ನೀನೂ ಇದ್ದೀಯ."

ಅವಳು ಯೋಚಿಸಲಿಲ್ಲ. ಯೋಚಿಸುವ ಕೆಲಸ ಇದಲ್ಲ. ಎರಡು ಪದ, ಬಿಡು. ಎರಡು ಪದ, ಬಿಡು. ಪಿಸುಮಾತು ಪ್ಲೈವುಡ್ ದಾಟಲು ಸ್ವಲ್ಪ ಗಟ್ಟಿಯಾಗಬೇಕಿತ್ತು, ಅಷ್ಟೆ. ಎರಡು ಪುಟ ಮುಗಿದವು. ಶಿಕ್ಷೆ ಹೇಳುವಲ್ಲಿ ಅವನು ತಡೆಯುವ ಕಡೆ ಅವಳೂ ತಡೆದಳು. ಅವನು ಉಸಿರೆಳೆದುಕೊಂಡ ಸದ್ದಿಗೆ ಮುಂದಿನದನ್ನು ಕೊಟ್ಟಳು. ಬೇಕೆಂದೇ ಎಂಬಂತೆ ನಾಲಿಗೆ ಮುಂದುವರಿದು ಆ ಹಳೆಯ ನಾಟಕದ ಕುರುಡಿಯ ಕೊನೆಯ ಮಾತನ್ನೂ ತಂದು ಅವಳ ತುಟಿಯ ಮೇಲಿಟ್ಟಿತು. ಅದನ್ನು ಅವಳು ಹೇಳದೆ ನುಂಗಿದಳು. ಎಲ್ಲವೂ ಇಲ್ಲೇ ಇದ್ದವು. ಇಪ್ಪತ್ತೆರಡೂ. ತಾನು ಎಲ್ಲಿಗೆ ಹೋದರೂ ಅವು ಜೊತೆಗೆ ಬರುತ್ತವೆ ಎಂದು ನಂಬಿದ್ದಳು. ಅವು ಈ ಕುರ್ಚಿ ಬಿಟ್ಟು ಏಳುವುದಿಲ್ಲ.

ಮೇಲೆ ಚಪ್ಪಾಳೆ. ಯಾರೋ ಸೀಟಿ ಹೊಡೆದರು. "ಅತ್ತಿಗೆ!" ದೊರೆ ಹಲಗೆಯನ್ನು ಕಾಲಿನಿಂದ ಗುದ್ದಿದ. "ಅತ್ತಿಗೆ, ಬದುಕಿದೆ ನಾನು!"

"ಒದೀಬೇಡ್ವೋ ಕೋಣ. ಕೆಳಗೆ ಮನುಷ್ಯರಿದಾರೆ."

ಹಗುರವಾದ ಇನ್ನೊಂದು ಹೆಜ್ಜೆ ಹತ್ತಿರ ಬಂತು. ರಬ್ಬರಿನ ಅಟ್ಟೆ. ಮಂಡಿ ಹಲಗೆಗೆ ತಾಗಿದ ಸದ್ದು. ನಿರ್ದೇಶಕನ ದನಿ ನೇರವಾಗಿ ಅವಳ ನೆತ್ತಿಯ ಮೇಲೆ ಬಿತ್ತು.

"ಅಕ್ಕ, ಕೇಳಿಸ್ತಿದೆಯಾ? ಅದ್ಭುತ. ನಿಜವಾಗ್ಲೂ ಅದ್ಭುತ. ನಾನು ಹೇಳಿದ್ದು ಇದನ್ನೇ. ಜಾಗ! ನಿಮಗೆ ಈ ಜಾಗ, ಅವರಿಗೆ ಆ ಹಲ್ಲು."

"ನನ್ನನ್ನೂ ಅವನನ್ನೂ ಒಂದೇ ತಕ್ಕಡೀಲಿ ತೂಗಬೇಡಿ."

"ಆಯ್ತಕ್ಕ. ಒಂದು ಮಾತು. ಈ ಪ್ಲೈವುಡ್ ಈಗಲೇ ಬಿಚ್ಚಿಸ್ತೀನಿ. ನಾಳೆ ನೀವು ಗೂಡಲ್ಲಿ ಕೂತ್ಕೊಳ್ಳಿ."

ತೊಲೆಗಳ ಆಚೆ ಬಡಗಿ ಎದ್ದು ನಿಂತ. ಅವನ ಕೈಯಲ್ಲಿ ಆಗಲೇ ಸ್ಕ್ರೂಡ್ರೈವರ್ ಇತ್ತು. ಬಲ್ಬಿನ ಬೆಳಕಿನಲ್ಲಿ ಅವನ ಮುಖ, ಪರೀಕ್ಷೆಯಲ್ಲಿ ಪಾಸಾದವನ ಮುಖ.

"ನಾಳೆ ಕೂರ್ತೀನಿ," ಗೂಡಕ್ಕ ಪ್ಲೈವುಡ್ಡಿಗೆ ಹೇಳಿದಳು. "ನಾಳಿದ್ದು?"

ಮೇಲೆ ಮಂಡಿಯೊಂದು ಹಲಗೆಯ ಮೇಲೆ ಅತ್ತಿತ್ತ ಸರಿಯಿತು.

"ನಾಳಿದ್ದು... ನೋಡಿ ಅಕ್ಕ, ನಿಮಗೆ ಸುಳ್ಳು ಹೇಳಲ್ಲ. ಸೆಟ್ಟು ಹಾಗಿದೆ. ನಾಳೆ ಒಂದು ದಿನ ಕಪ್ಪು ಬಟ್ಟೆ ಹಾಕಿ ಹೇಗೋ ಮರೆಮಾಚಬಹುದು. ನಾಳೆ ಒಂದು ಸಲ ಜನರ ಮುಂದೆ ಹೇಳಿದ್ರೆ ದೊರೆ ಸಾರ್‌ಗೆ ಮಾತು ಕೂತ್ಕೊಂಡುಬಿಡುತ್ತೆ, ನೋವಿಲ್ಲದೆ, ಇದೇ ವೇದಿಕೆ ಮೇಲೆ. ಆಮೇಲೆ ಮುಚ್ಲೇಬೇಕಾಗುತ್ತೆ. ನೀವು ಕಿಟಕಿಯಲ್ಲಿ ಆರಾಮಾಗಿ ಇರಿ. ಮತ್ತೆ, ಕರಪತ್ರದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ. ಇಷ್ಟು ವರ್ಷದಲ್ಲಿ ಯಾರಾದ್ರೂ ಹಾಕಿದ್ರಾ? ದೊಡ್ಡ ಅಕ್ಷರದಲ್ಲಿ, ದೊರೆ ಸಾರ್ ಹೆಸರಿನ ಕೆಳಗೇ."

"ಒಪ್ಕೊಳ್ಳಿ ಅತ್ತಿಗೆ," ದೊರೆಯೂ ಮಂಡಿಯೂರಿದ್ದ. ಬೂಟು ಕಿರ್ ಎಂದಿತು. "ಒಂದೇ ಒಂದು ದಿನ. ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನ ಕಾಲು ಕೆಳಗಿದೆ. ನೀನು ಬಿದ್ದಿರೋದು ನನ್ನ ತಲೆ ಮೇಲೆ."

"ಒಂದು ದಿನ ಅಕ್ಕ," ನಿರ್ದೇಶಕ ಮತ್ತೆ ಹೇಳಿದ. "ಬಡಗಿಯವರೇ, ಮೇಲೆ ಬನ್ನಿ. ಅಕ್ಕ ಹೂಂ ಅಂದ ತಕ್ಷಣ ಬಿಚ್ಚಿಬಿಡಿ."

ಬಡಗಿ ಕದಲಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. "ಬಿಚ್ಲೇನೇ?" ಎಂದು ಮೆಲ್ಲಗೆ ಕೇಳಿದ.

ಅವಳು ಕೊಳವೆಯ ಮೇಲಿಂದ ಕಾಲು ತೆಗೆದಳು.

"ಬಿಚ್ಬೇಡಿ. ನಾಳಿದ್ದು ಮುಚ್ಚೋ ಗೂಡಲ್ಲಿ ನಾನು ಕೂರಲ್ಲ," ಎಂದಳು.